ಪುರೋಹಿತನಿಗೆ ಸಿಕ್ಕ ಕತ್ತಿ

ಊರಿಗೆ ಹೋದಾಗ ಯಾರಾದರೂ "ರಿಟೈರಾದ ಮೇಲೆ ಮುಂಬಯಿಯಲ್ಲಿ ಎಂತ ಮಾಡ್ತ್ರಿ?" ಎಂದು ಕೇಳಿದರೆ "ಹೀಗೇ, ಓದು, ವಾಕಿಂಗ್, ಕನ್ನಡ ಸಂಘ" ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳಿದರೆ ನಗುತ್ತಾರೆ. ವಾರಕ್ಕೆ ಎರಡು ದಿನ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಕುಳಿತು ನಾನು ಗಣಿಯೊಳಗಿನ ದರೋಡೆಕೋರರ ಮೇಲೆ ಯುದ್ಧಕ್ಕೆ ಹೋಗುತ್ತೇನೆ. ಯುದ್ಧ ಮಾಡುವುದು ಬೇರೆಯವರು. ಅವರ ಗಾಯ ಮಾಯಿಸುವ ಪುರೋಹಿತ ನಾನು. ವಯಸ್ಸು ಅರವತ್ತೈದು, ಓದು ಎಂ.ಕಾಂ., ಅದೂ ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದಲ್ಲಿ.

ಕುಂದಾಪುರದ ಕಡೆಯವನಾದ ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮುಂಬಯಿಗೆ ಬಂದದ್ದು 1988ರಲ್ಲಿ. ಮೂರು ವರ್ಷ ಕಳೆದು ವಾಪಸು ಹೋಗುವುದೆಂದು ಲೆಕ್ಕ. ಡೊಂಬಿವಲಿಯಲ್ಲಿ ಮನೆ ಆಯಿತು, ಮಗ ಹುಟ್ಟಿದ, ಆ ಲೆಕ್ಕ ಅಲ್ಲಿಗೆ ಬರಖಾಸ್ತು. ಬೆಳಿಗ್ಗೆ 7.42ರ ಫಾಸ್ಟ್ ಲೋಕಲ್, ರಾತ್ರಿ ಎಂಟೂವರೆಗೆ ಮನೆ. ಮಗ ಬೆಳೆದದ್ದನ್ನು ನಾನು ಭಾನುವಾರಗಳಲ್ಲಿ ಮಾತ್ರ ನೋಡಿದ್ದು ಎಂದರೆ ಅತಿಶಯೋಕ್ತಿಯಲ್ಲ.

2006ರಲ್ಲಿ ಅವನು ಹನ್ನೊಂದನೇ ತರಗತಿ. ಟ್ಯೂಶನ್ನಿಗೆ ಕೊಟ್ಟ ದುಡ್ಡು ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಹೋಗುತ್ತಿದೆ ಎಂದು ಅವನ ಅಮ್ಮನಿಗೆ ಯಾರೋ ಹೇಳಿದರು. ಆಗ ರಾಗ್ನರಾಕ್ ಆನ್‌ಲೈನ್ ಎಂಬ ಕೊರಿಯಾದ ಆಟ ಭಾರತಕ್ಕೂ ಬಂದಿತ್ತು. ಮೊಬೈಲಿಗೆ ರೀಚಾರ್ಜ್ ಹಾಕುವ ಹಾಗೆ ಪ್ರಿಪೇಯ್ಡ್ ಕಾರ್ಡು ಕೊಂಡು, ಗೀರಿ, ನಂಬರು ಹಾಕಿ ಆಡುವುದು. ಒಂದು ಸಂಜೆ ನಾನೇ ಹೋದೆ. ಕತ್ತಲೆ ಕೋಣೆಯಲ್ಲಿ ಹತ್ತು ಹನ್ನೆರಡು ಹುಡುಗರು. ನನ್ನವನು ಪರದೆಯಿಂದ ಕಣ್ಣು ತೆಗೆಯದೆ "ಐದು ನಿಮಿಷ ಅಪ್ಪಯ್ಯ, ಐದೇ ನಿಮಿಷ" ಎಂದ. ನಾನು ಕಂಪ್ಯೂಟರಿನ ಸ್ವಿಚ್ಚು ಒತ್ತಿದೆ. ಎಲ್ಲರೆದುರು ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಅವನು ಆ ಕೆಫೆಗೆ ಹೋಗಲಿಲ್ಲ. ಪಾಸಾದ, ಇಂಜಿನಿಯರಾದ, ಕೆನಡಾಕ್ಕೆ ಹೋದ. ಅಂದಿನ ಆ ಏಟಿನಿಂದಲೇ ಅವನು ಸರಿಯಾದ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದುಂಟು.

ನನ್ನ ನಿವೃತ್ತಿ 2020ರ ಮೇ 31. ಲಾಕ್‌ಡೌನ್. ಹಾರ ಇಲ್ಲ, ಭಾಷಣ ಇಲ್ಲ. ಮೇನೇಜರು ಮಾಸ್ಕಿನೊಳಗಿಂದಲೇ ಏನೋ ಒಳ್ಳೆಯ ಮಾತು ಹೇಳಿದರು. ಮನೆಗೆ ಬಂದು ಕುಳಿತವನಿಗೆ ಮಾಡಲು ಎಂತದೂ ಇಲ್ಲ. ಟೊರಾಂಟೊದಿಂದ ಮಗನ ಫೋನ್ ಬರುತ್ತಿತ್ತು. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು. ಇಕಣಿ, ಅಮ್ಮನಿಗೆ ಕೊಡಿ." ಇಷ್ಟೇ ನಮ್ಮ ಮಾತು, ಹದಿನಾಲ್ಕು ವರ್ಷದಿಂದ.

ಒಂದು ದಿನ ಅವನ ಅಮ್ಮ, "ಅಪ್ಪಯ್ಯ ಗೋಡೆ ನೋಡ್ಕೊಂಡು ಕೂತಿರ್ತ್ರು ಮಗಾ" ಎಂದು ಹೇಳಿರಬೇಕು. ಅವನೇ ನನ್ನನ್ನು ಕರೆದು, "ಅಪ್ಪಯ್ಯ, ನನ್ನೊಟ್ಟಿಗೆ ಆಡ್ತ್ರಾ?" ಎಂದ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, 2004ರಲ್ಲಿ ಶುರುವಾದ ಆಟ. ಅದರ ಹಳೆಯ ರೂಪವನ್ನೇ 'ಕ್ಲಾಸಿಕ್' ಎಂಬ ಹೆಸರಿನಲ್ಲಿ 2019ರ ಆಗಸ್ಟಿನಲ್ಲಿ ಪುನಃ ತಂದಿದ್ದರು. ನಾನು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಇನ್ನೊಮ್ಮೆ ಕೇಳುವವನಲ್ಲ ಅವನು.

ಓದುಗರಿಗೆ ಆಟದ ಹದ ಸ್ವಲ್ಪ ಹೇಳಬೇಕು. ಗುಹೆಯೊಳಗೆ ಹೋಗಲು ಐವರು ಬೇಕು. ಒಬ್ಬ ಮುಂದೆ ನಿಂತು ಎಲ್ಲ ಪೆಟ್ಟನ್ನೂ ತಾನೇ ತಿನ್ನುವವನು, ಅವನಿಗೆ ಟ್ಯಾಂಕ್ ಎನ್ನುತ್ತಾರೆ. ಅದು ನನ್ನ ಮಗ. ಮೂವರು ಹೊಡೆಯುವವರು. ಒಬ್ಬ ಗುಣಪಡಿಸುವವನು, ಅದು ನಾನು. ಪ್ರತಿಯೊಬ್ಬನ ಜೀವ ಪರದೆಯಲ್ಲಿ ಒಂದು ಹಸಿರು ಪಟ್ಟಿಯಾಗಿ ಕಾಣುತ್ತದೆ. ಪಟ್ಟಿ ಸವೆದ ಹಾಗೆ ನಾನು ಮಂತ್ರ ಹಾಕಿ ತುಂಬಿಸಬೇಕು. ಮಂತ್ರಕ್ಕೆ ಮಾನಾ ಎಂಬ ನೀಲಿ ಬಂಡವಾಳ ಖರ್ಚಾಗುತ್ತದೆ. ಅದು ಮುಗಿದರೆ ಅಂಗಡಿ ಬಂದ್, ಐವರೂ ಸತ್ತರು.

ಮೊದಲ ಎರಡು ವಾರ ನಮ್ಮ ಗುಂಪು ಸತ್ತದ್ದೇ ಸತ್ತದ್ದು. ತಪ್ಪು ಕೈಯದ್ದಲ್ಲ, ವೇಷದ್ದು. ತಲೆ, ಹೆಗಲು, ಎದೆ, ಮಣಿಕಟ್ಟು, ಸೊಂಟ, ಕಾಲು, ಬೆರಳು, ಹೀಗೆ ಮೈಯ ಒಂದೊಂದು ಜಾಗಕ್ಕೂ ಒಂದೊಂದು ತೊಡುಗೆ ಇದೆ. ಯಕ್ಷಗಾನದ ಚೌಕಿಯಲ್ಲಿ ಕಿರೀಟದಿಂದ ಗೆಜ್ಜೆಯವರೆಗೆ ಒಂದೊಂದೇ ಕಟ್ಟಿಕೊಳ್ಳುವ ಹಾಗೆ. ನಾನು ಕೈಯಲ್ಲಿದ್ದ ದುಡ್ಡನ್ನೆಲ್ಲ ಹಾಕಿ ಹರಾಜುಕಟ್ಟೆಯಲ್ಲಿ ಒಂದು ಚಂದದ ನಿಲುವಂಗಿ ಕೊಂಡೆ. ಮಗ ನೋಡಿ, "ಇದೆಂತಕ್ಕೆ ಅಪ್ಪಯ್ಯ? ಇದರಲ್ಲಿ ನಿಮಗೆ ಬೇಕಾದದ್ದು ಒಂದೂ ಇಲ್ಲ" ಎಂದ. ಬಣ್ಣ ನೋಡಿ ಸಾಲ ಕೊಟ್ಟ ಹಾಗಾಯಿತು ನನ್ನ ಕತೆ.

ಆಗ ನನ್ನೊಳಗಿನ ಇನ್‌ಸ್ಪೆಕ್ಷನ್ ಆಫೀಸರ್ ಎದ್ದ. ಎಕ್ಸೆಲ್ ಶೀಟ್ ಮಾಡಿದೆ. ಮೈಯ ಯಾವ ಜಾಗ ಖಾಲಿ, ಯಾವುದು ಹಳತು, ಯಾವುದನ್ನು ಮೊದಲು ಬದಲಿಸಿದರೆ ಹೆಚ್ಚು ಲಾಭ. ಪುರೋಹಿತನಿಗೆ ಬೇಕಾದದ್ದು ಬುದ್ಧಿ ಮತ್ತು ಚೈತನ್ಯ. ಬುದ್ಧಿ ಹೆಚ್ಚಿದರೆ ಮಾನಾದ ಕೊಳಗ ದೊಡ್ಡದಾಗುತ್ತದೆ, ಚೈತನ್ಯ ಹೆಚ್ಚಿದರೆ ಖಾಲಿಯಾದದ್ದು ಬೇಗ ತುಂಬುತ್ತದೆ. ಒಂದು ಬಂಡವಾಳ, ಇನ್ನೊಂದು ಬಡ್ಡಿ ಎನ್ನಿ. ವಸ್ತುವಿನ ಹೆಸರಿನ ಕೊನೆಗೆ 'ಗೂಬೆಯ' ಎಂದಿದ್ದರೆ ಅದರಲ್ಲಿ ಈ ಎರಡೂ ಇರುತ್ತವೆ. 'ಹದ್ದಿನ' ಎಂದಿದ್ದರೆ ಬುದ್ಧಿಯ ಜೊತೆ ದೇಹದಾರ್ಢ್ಯ. ಊರಿನಲ್ಲಿ ಗೂಬೆ ಕೂಗಿದರೆ ಬಾಗಿಲು ಹಾಕುವ ನಾನು ಇಲ್ಲಿ ಗೂಬೆಯ ಅಂಗಿ, ಗೂಬೆಯ ಪಟ್ಟಿ, ಗೂಬೆಯ ಕೈಚೀಲ ಹುಡುಕುತ್ತಾ ತಿರುಗಿದೆ! ಹರಾಜುಕಟ್ಟೆ ಮಾರಿದವನಿಂದ ನೂರಕ್ಕೆ ಐದು ಕಮಿಷನ್ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಹೊಲಿಗೆ ಕಲಿತು ಕೆಲವನ್ನು ನಾನೇ ಹೊಲಿದುಕೊಂಡೆ.

ಇನ್ನೊಂದು ಗುಟ್ಟು ಮಗ ಹೇಳಿಕೊಟ್ಟದ್ದು. ಮಂತ್ರ ಹಾಕಿದ ಮೇಲೆ ಐದು ಸೆಕೆಂಡು ಚೈತನ್ಯದಿಂದ ಬರುವ ಮಾನಾ ನಿಂತುಹೋಗುತ್ತದೆ. ಆದ್ದರಿಂದ ಸುಮ್ಮನೆ ಮಂತ್ರ ಉದುರಿಸುತ್ತಾ ಇರಬಾರದು. ಸಣ್ಣ ಗಾಯಕ್ಕೆ ಹಳೆಯ ಸಣ್ಣ ಮಂತ್ರವೇ ಸಾಕು. ಹತ್ತು ರೂಪಾಯಿಯ ಸಾಮಾನಿಗೆ ಐನೂರರ ನೋಟು ಯಾಕೆ? ಅತಿಯಾಗಿ ಗುಣಪಡಿಸಿದರೆ ರಾಕ್ಷಸರ ಸಿಟ್ಟು ಪುರೋಹಿತನ ಮೇಲೆಯೇ ತಿರುಗುವುದೂ ಉಂಟು. ಅದರ ಮೇಲೆ ಡೊಂಬಿವಲಿಯಿಂದ ಅಮೆರಿಕದ ಸರ್ವರ್‌ಗೆ ನನ್ನ ಬೆರಳಿನ ಸುದ್ದಿ ಮುಟ್ಟಲು ಕಾಲು ಸೆಕೆಂಡು ತಡ. ಪೆಟ್ಟು ಬಿದ್ದ ಮೇಲಲ್ಲ, ಬೀಳುವುದಕ್ಕೆ ಮೊದಲೇ ಹೊರಡಬೇಕು. ಎರಡು ತಿಂಗಳಲ್ಲಿ ನಾವು ಸಾಯುವುದು ಕಡಿಮೆಯಾಯಿತು.

ಡೆಡ್‌ಮೈನ್ಸ್ ಎಂಬ ಗಣಿ. ಅದರ ತಳದಲ್ಲಿ, ನೆಲದೊಳಗೆ, ಒಂದು ಹಡಗು! ಕಡಲ ಕರೆಯವನಾದ ನನಗೆ ಅದನ್ನು ಮೊದಲು ಕಂಡಾಗ ನಗು ತಡೆಯಲಾಗಲಿಲ್ಲ. ಹಡಗಿನ ಮೇಲೆ ವ್ಯಾನ್‌ಕ್ಲೀಫ್ ಎಂಬ ದರೋಡೆಕೋರರ ನಾಯಕ. ಅವನು ಸತ್ತಾಗ ಒಮ್ಮೊಮ್ಮೆ ಕ್ರುಯೆಲ್ ಬಾರ್ಬ್ ಎಂಬ ಕತ್ತಿ ಬೀಳುತ್ತದೆ. ಮಗ ಅದಕ್ಕಾಗಿಯೇ ಕಾಯುತ್ತಿದ್ದ. ಆ ದಿನ ಬಿತ್ತು. ಪರದೆಯಲ್ಲಿ 'ಅಗತ್ಯ', 'ಆಸೆ', 'ಬೇಡ' ಎಂಬ ಮೂರು ಆಯ್ಕೆ. ಮಗನಿಗೆ ಅಗತ್ಯ ಇದೆಯಲ್ಲ ಎಂದು ನಾನು 'ಅಗತ್ಯ' ಒತ್ತಿದೆ. ಖಂಡಿತವೇ ಎಂದು ಕೇಳಿತು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವನು ಓಕೆ ಒತ್ತದೆ ಇರುತ್ತಾನೆಯೇ? ದಾಳ ಉರುಳಿತು. ನನಗೆ ತೊಂಬತ್ತೇಳು, ಮಗನಿಗೆ ಅರವತ್ತೆರಡು. ಕತ್ತಿ ನನ್ನ ಚೀಲಕ್ಕೆ.

ಪುರೋಹಿತ ಕತ್ತಿ ಹಿಡಿಯುವಂತಿಲ್ಲ. ಆ ಕತ್ತಿಯನ್ನು ಇನ್ನೊಬ್ಬನಿಗೆ ಕೊಡುವಂತೆಯೂ ಇಲ್ಲ, ಯಾರ ಕೈಸೇರಿತೋ ಅವರಿಗೇ ಅಂಟಿಕೊಳ್ಳುತ್ತದೆ. ಬೇಕಿದ್ದರೆ ಅಂಗಡಿಯವನಿಗೆ ಗುಜರಿ ಬೆಲೆಗೆ ಹಾಕಬಹುದು. ಉಳಿದ ಮೂವರು ನನ್ನನ್ನು ಕಳ್ಳ ಎಂದು ಬರೆದರು, ಇನ್ನೂ ಏನೇನೋ. ಮಗ ಅವರಿಗೆ ಒಂದೇ ಸಾಲು ಬರೆದ: ಇವರು ನನ್ನ ತಂದೆ. ಗಲಾಟೆ ನಿಂತಿತು. ನನ್ನ ಹೆಡ್‌ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, "ಇರ್ಲಿ ಅಪ್ಪಯ್ಯ, ನಾಡಿದ್ದು ಪುನಃ ಬರುವ" ಎಂದ.

ಪುನಃ ಹೋದೆವು, ಕತ್ತಿ ಬೀಳಲಿಲ್ಲ. ಮೂರನೇ ಸಲ ಹೋದಾಗ, ಹಡಗು ಕಾಣುವ ಹೊತ್ತಿಗೆ, ಅವನು ಮಾಮೂಲು ದನಿಯಲ್ಲಿ, "ಅಪ್ಪಯ್ಯ, ನನ್ನ ಕೆಲಸ ಹೋಗಿ ಐದು ವಾರ ಆಯ್ತು. ಅಮ್ಮನಿಗೆ ಹೇಳ್ಬೇಡಿ" ಎಂದ. ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಅವನ ಹಸಿರು ಪಟ್ಟಿ ಅರ್ಧವಾಯಿತು, ಕಾಲಾಯಿತು. "ಅಪ್ಪಯ್ಯ, ಹೀಲ್!" ನಾನು ಮಂತ್ರ ಹಾಕುವಾಗ ಪಟ್ಟಿಯೇ ಇರಲಿಲ್ಲ.

ಐವರೂ ಸತ್ತೆವು. ಸತ್ತವರು ಪ್ರೇತಗಳಾಗಿ ಸ್ಮಶಾನದಿಂದ ಗುಹೆಯವರೆಗೆ ಓಡಿ ಬರಬೇಕು. ಆಗ ಲೋಕವೆಲ್ಲ ಬೂದಿ ಬಣ್ಣ. ವೆಸ್ಟ್‌ಫಾಲಿನ ಹೊಲಗಳ ನಡುವೆ ನಾವಿಬ್ಬರು ಓಡುತ್ತಾ ಮಾತಾಡಿದೆವು. ಬಾಡಿಗೆ ಎಷ್ಟು, ಕೈಯಲ್ಲಿ ಎಷ್ಟು ತಿಂಗಳಿಗಿದೆ, ನಾನು ಎಷ್ಟು ಕಳಿಸಲಿ. ಬೇಡ ಎಂದ. ಮತ್ತೆ, ಮೂರು ತಿಂಗಳಿಗೆ ಸಾಲದಿದ್ದರೆ ಕೇಳುತ್ತೇನೆ ಎಂದ. ಆಮೇಲೆ ನಾನು ಕೇಳಿದೆ, "ಆವತ್ತು ಕೆಫೆಯಲ್ಲಿ ಐದು ನಿಮಿಷ ಅಂದಿದ್ದೆಯಲ್ಲ, ಎಂತ ಮಾಡ್ತಿದ್ದೆ?"

"ಪ್ರೀಸ್ಟ್ ಆಗಿದ್ದೆ ಅಪ್ಪಯ್ಯ. ಗ್ಲಾಸ್ಟ್ ಹೈಮ್ ಅಂತ ಪಾಳು ಕೋಟೆ. ನಾನು ಹೋದ ಕೂಡಲೇ ಎಲ್ಲ ಸತ್ರು."

ಅದಕ್ಕೂ ಮೊದಲು ನಡೆದದ್ದನ್ನೂ ಹೇಳಿದ. ಆ ಆಟದಲ್ಲಿ ಕವಚವನ್ನು ಕಮ್ಮಾರನ ಹತ್ತಿರ ಕೊಟ್ಟು ಗಟ್ಟಿ ಮಾಡಿಸಬಹುದು. ನಾಲ್ಕು ಸಲದವರೆಗೆ ಭಯವಿಲ್ಲ. ಐದನೆಯದಕ್ಕೆ ಕೈ ಹಾಕಿದರೆ ಗಟ್ಟಿಯಾದರೂ ಆಯಿತು, ಒಡೆದು ಮಾಯವಾದರೂ ಆಯಿತು. ಗೆಳೆಯರು ದುಡ್ಡು ಸೇರಿಸಿ ಪ್ರೀಸ್ಟ್ ಸಾಯಬಾರದೆಂದು ಇವನಿಗೆ ಕವಚ ಕೊಡಿಸಿ, ಆರರವರೆಗೆ ಗಟ್ಟಿ ಮಾಡಿಸಿದ್ದರಂತೆ. "ಮರುದಿನ ಅವರು ಬೇರೆ ಪ್ರೀಸ್ಟ್ ಹುಡುಕಿದ್ರು. ಕವಚ ವಾಪಸ್ ಕೊಟ್ಟೆ. ಮತ್ತೆ ಹೋಗ್ಲಿಕ್ಕೆ ಮುಖ ಇರ್ಲಿಲ್ಲ."

ನನ್ನ ಏಟಿಗೆ ಹೆದರಿ ಬಿಟ್ಟ ಎಂದು ನಾನು ಹದಿನಾಲ್ಕು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದೆ. "ತಪ್ಪಾಯ್ತು ಮಗಾ" ಎಂದೆ. ಅವನು, "ಎಡಕ್ಕೆ ತಿರುಗಿ ಅಪ್ಪಯ್ಯ, ಗುಹೆ ಆಚೆ ಅಲ್ಲ" ಎಂದ.

ನವೆಂಬರಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ. ನಾನು ಎರಡು ಸಲ ದುಡ್ಡು ಕಳಿಸಿದ್ದೆ. ಅವನ ಅಮ್ಮನಿಗೆ ಪಾಸ್‌ಬುಕ್ ನೋಡಿ ಗೊತ್ತಾಯಿತು, ನನಗೆ ಬೈಗುಳ ಸಿಕ್ಕಿತು. ಮಗನ ಕತ್ತಿ ಎಂಟನೇ ಸಲಕ್ಕೆ ಬಿತ್ತು. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ, ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ನನ್ನ ಕತ್ತಿಯನ್ನು ಗುಜರಿಗೆ ಹಾಕಿಲ್ಲ. ಆ ಆಟದಲ್ಲಿಯೂ ಒಂದು ಬ್ಯಾಂಕಿದೆ. ಅದರ ಲಾಕರಿನಲ್ಲಿ ಇಟ್ಟಿದ್ದೇನೆ.