ಮದ್ದಿಗೂ ಒಂದು ಮಟ್ಟ

ಮಳೆಗಾಲ ಬಂತೆಂದರೆ ಗೊರೂರಿನ ಸುತ್ತಮುತ್ತಲ ಊರುಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಒಂದೇ: ‘ಡ್ಯಾಮು ಎಷ್ಟು ತುಂಬಿತು?’ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ ಎಂಬುದು ಇಲ್ಲಿನ ಶಾಲಾ ಮಕ್ಕಳಿಗೂ ಬಾಯಿಪಾಠ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ತಿಳಿದರೆ ಸಾಕು, ನಾಳೆ ಹೊಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ರೈತ ಊಹಿಸಬಲ್ಲ. ಮಟ್ಟ ಇಳಿದರೆ ನಾಲೆಗೆ ನೀರಿಲ್ಲ. ಅಳತೆ ತಪ್ಪಿ ಬಿಟ್ಟರೆ ಹೊಳೆದಂಡೆಯ ಗದ್ದೆ ಉಳಿಯುವುದಿಲ್ಲ.

ಮನುಷ್ಯನ ರಕ್ತದಲ್ಲಿ ಔಷಧಿಯ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ. ನುಂಗಿದ ಮಾತ್ರೆ, ಚುಚ್ಚಿದ ಮದ್ದು ಒಳಹರಿವು. ಮೂತ್ರಪಿಂಡ ಮತ್ತು ಯಕೃತ್ತು ಅದನ್ನು ಹೊರಹಾಕುವ ತೂಬುಗಳು. ದಿನನಿತ್ಯದ ಎಷ್ಟೋ ಔಷಧಿಗಳಲ್ಲಿ ಗುಣ ಮಾಡುವ ಮಟ್ಟಕ್ಕೂ ಕೇಡು ಮಾಡುವ ಮಟ್ಟಕ್ಕೂ ನಡುವೆ ಸಾಕಷ್ಟು ಅಂತರವಿರುತ್ತದೆ. ಕ್ಯಾನ್ಸರಿನ ಔಷಧಿಗಳಲ್ಲಿ ಆ ಅಂತರ ತೀರ ಕಿರಿದು. ರೋಗದ ಜೀವಕೋಶಗಳನ್ನು ಕೊಲ್ಲುವ ಮದ್ದೇ ಮೂಳೆಯ ಮಜ್ಜೆಯನ್ನೂ ಬಾಯಿ-ಕರುಳಿನ ಒಳಪದರವನ್ನೂ ಘಾಸಿಗೊಳಿಸುತ್ತದೆ.

ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಸುವ ಮೆಥೊಟ್ರೆಕ್ಸೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಈ ಔಷಧಿಯ ಕಥೆಯಲ್ಲಿ ಭಾರತೀಯರೊಬ್ಬರ ಪಾಲೂ ಇದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದ ಅಮಿನಾಪ್ಟೆರಿನ್ ಎಂಬ ಮದ್ದು ಬಂತು. ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಅದರ ಹತ್ತಿರದ ಸಂಬಂಧಿ.

ಕೆಲವು ಚಿಕಿತ್ಸೆಗಳಲ್ಲಿ ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸುತ್ತಾರೆ. ಮೂತ್ರ ಆಮ್ಲೀಯವಾದರೆ ಔಷಧಿ ಹರಳುಗಟ್ಟಿ ಮೂತ್ರಪಿಂಡದಲ್ಲೇ ನಿಂತುಬಿಡಬಹುದು. ಆದ್ದರಿಂದ ಹೇರಳ ದ್ರವದ ಜತೆಗೆ ಸೋಡಿಯಂ ಬೈಕಾರ್ಬೊನೇಟ್ ಕೊಟ್ಟು ಮೂತ್ರವನ್ನು ಕ್ಷಾರೀಯವಾಗಿ ಇಡುತ್ತಾರೆ. ಹತ್ತನೇ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠ ಇಲ್ಲಿ ಮಗುವಿನ ಹಾಸಿಗೆಯ ಪಕ್ಕಕ್ಕೇ ಬಂದಿರುತ್ತದೆ! ಸಾಮಾನ್ಯವಾಗಿ 24, 48, 72 ಗಂಟೆಗಳಿಗೊಮ್ಮೆ ರಕ್ತ ತೆಗೆದು ಮದ್ದಿನ ಮಟ್ಟ ಅಳೆಯುತ್ತಾರೆ. ಆರೋಗ್ಯವಂತ ಕೋಶಗಳನ್ನು ಕಾಪಾಡುವ ಲ್ಯೂಕೊವೊರಿನ್ ಎಂಬ ಮತ್ತೊಂದು ಮದ್ದನ್ನು, ಮಟ್ಟ ಸುರಕ್ಷಿತ ಗೆರೆಗಿಂತ ಕೆಳಗಿಳಿಯುವವರೆಗೆ ಕೊಡುತ್ತಲೇ ಇರಬೇಕು. ಈ ಹೊತ್ತಿನಲ್ಲಿ ಯಾರನ್ನೂ ಕೇಳದೆ ನುಂಗಿಸಿದ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ತೂಬನ್ನು ಮುಚ್ಚಿದಂತಾಗಬಹುದು.

ಆದರೆ ಬಹುಪಾಲು ಕ್ಯಾನ್ಸರ್ ಔಷಧಿಗಳಿಗೆ ಹೀಗೆ ರಕ್ತದಲ್ಲಿ ಮಟ್ಟ ಅಳೆಯುವ ರೂಢಿಯಿಲ್ಲ. ಅಲ್ಲಿ ಕಾಪಾಡುವುದು ಮೊದಲ ಲೆಕ್ಕ. ಎತ್ತರವನ್ನು ಸೆಂಟಿಮೀಟರಿನಲ್ಲೂ ತೂಕವನ್ನು ಕಿಲೋಗ್ರಾಮಿನಲ್ಲೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೇಹದ ಮೇಲ್ಮೈ ವಿಸ್ತೀರ್ಣ ಸಿಗುತ್ತದೆ. 144 ಸೆಂ.ಮೀ. ಎತ್ತರದ, 36 ಕಿಲೋ ತೂಕದ ಮಗುವಿಗೆ ಅದು 1.2 ಚದರ ಮೀಟರು. ಯಾರೋ ಅವಸರದಲ್ಲಿ 36 ಅನ್ನು 63 ಎಂದು ಬರೆದರೆ ಉತ್ತರ 1.59 ಆಗುತ್ತದೆ, ಮದ್ದು ಸುಮಾರು ಮೂರನೇ ಒಂದು ಪಾಲು ಹೆಚ್ಚಾಗಿ ಹೋಗುತ್ತದೆ. ಪರೀಕ್ಷೆಯಲ್ಲಾದರೆ ಎರಡು ಅಂಕ ಕಳೆಯುತ್ತಿತ್ತು, ಅಷ್ಟೆ.

ಇಂಥ ತಪ್ಪು ಸಣ್ಣ ಊರಿನ ಆಸ್ಪತ್ರೆಗಳಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ಸಿಡ್ನಿ ಫಾರ್ಬರ್ ಅವರ ಹೆಸರನ್ನೇ ಹೊತ್ತ ಬಾಸ್ಟನ್‌ನ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ 1994ರಲ್ಲಿ ಬೆಟ್ಸಿ ಲೇಮನ್ ಎಂಬ ಪತ್ರಕರ್ತೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಆಕೆ ಆರೋಗ್ಯದ ಬಗ್ಗೆಯೇ ಬರೆಯುತ್ತಿದ್ದವರು. ನಾಲ್ಕು ದಿನಗಳಿಗೆ ಹಂಚಿ ಕೊಡಬೇಕಾಗಿದ್ದ ಮದ್ದನ್ನು ಆಕೆಗೆ ಪ್ರತಿದಿನವೂ ಪೂರ್ತಿಯಾಗಿ, ನಾಲ್ಕು ದಿನ ಕೊಡಲಾಯಿತು. ಡಿಸೆಂಬರ್ 3ರಂದು ಆಕೆ ತೀರಿಕೊಂಡರು. ತಪ್ಪು ಬೆಳಕಿಗೆ ಬಂದದ್ದು 1995ರಲ್ಲಿ, ದಾಖಲೆಗಳ ಅಂಕಿ ತಾಳೆ ನೋಡುವಾಗ. ಆ ತಾಳೆ ಮದ್ದು ಕೊಡುವ ಮುನ್ನವೇ ನಡೆದಿದ್ದರೆ! ಒಬ್ಬರು ಬರೆದ ಲೆಕ್ಕವನ್ನು ಇನ್ನಿಬ್ಬರು ಬೇರೆಯಾಗಿ ಮಾಡಿ ನೋಡುವುದು ಅವಿಶ್ವಾಸದ ಗುರುತಲ್ಲವೆಂದು ಜಗತ್ತಿನ ಆಸ್ಪತ್ರೆಗಳು ಇಂಥ ಸಾವುಗಳಿಂದಲೇ ಕಲಿತವು.

ಹಾಸನ ಸೀಮೆಯಿಂದ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳಿದ್ದಾರೆ. ತೀವ್ರ ಚಿಕಿತ್ಸೆ ಮುಗಿದು ಮನೆಗೆ ಬಂದಮೇಲೂ ಮಾತ್ರೆಗಳ ಚಿಕಿತ್ಸೆ ವರ್ಷಗಟ್ಟಲೆ ಮುಂದುವರಿಯುವುದುಂಟು. ಆಗ ದಾದಿಯೂ ತಾಯಿಯೇ, ಔಷಧಿ ತಜ್ಞಳೂ ತಾಯಿಯೇ. ಒಂದು ಮಾತ್ರೆ ದಿನವೂ ಇರುತ್ತದೆ. ಮೆಥೊಟ್ರೆಕ್ಸೇಟ್ ಮಾತ್ರೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತ್ರ. ಈ ‘ವಾರಕ್ಕೊಮ್ಮೆ’ಯನ್ನು ‘ದಿನಕ್ಕೊಮ್ಮೆ’ ಎಂದು ತಿಳಿದು ಪ್ರಾಣ ಕಳೆದುಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಅಂಗಡಿಯಲ್ಲಿ 2.5 ಮಿಲಿಗ್ರಾಮಿನ ಮಾತ್ರೆಯೂ 10 ಮಿಲಿಗ್ರಾಮಿನ ಮಾತ್ರೆಯೂ ಒಂದೇ ಹೆಸರಿನಲ್ಲಿ ಸಿಗುತ್ತವೆ ಎಂಬುದು ಇನ್ನೊಂದು ತೊಡಕು.

ಇಲ್ಲಿ ಓದು ಬಲ್ಲ ಅಣ್ಣನೋ ಅಕ್ಕನೋ ಮಾಡಬಹುದಾದ ಕೆಲಸ ದೊಡ್ಡದು. ಗೋಡೆಯ ಕ್ಯಾಲೆಂಡರಿನಲ್ಲಿ ವೈದ್ಯರು ಹೇಳಿದ ವಾರಕ್ಕೆ ಸುತ್ತು ಹಾಕುವುದು, ಮಾತ್ರೆಯ ಪಟ್ಟಿಯ ಮೇಲಿನ ಮಿಲಿಗ್ರಾಂ ಓದಿ ಚೀಟಿಯೊಡನೆ ತಾಳೆ ನೋಡುವುದು, ಮನೆಯಲ್ಲಿ ಕೊಟ್ಟ ನಾಟಿ ಔಷಧಿಯನ್ನೂ ಮುಚ್ಚಿಡದೆ ಬರೆದಿಡುವುದು. ಬಾಯಿಹುಣ್ಣು, ಜ್ವರ ಕಂಡರೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ‘ಡಾಕ್ಟ್ರೇ, ಈ ಮಾತ್ರೆ ಹೋದ ಸಲ ಬೇರೆ ಬಣ್ಣ ಇತ್ತಲ್ಲ?’ ಎಂದು ಕೇಳುವ ತಾಯಿ ಯಾರ ಸಮಯವನ್ನೂ ಹಾಳು ಮಾಡುತ್ತಿಲ್ಲ. ಆಸ್ಪತ್ರೆಯ ತಾಳೆಪಟ್ಟಿಯಲ್ಲಿ ಅವಳದೂ ಒಂದು ಸಹಿ.