ಸೇತುವೆ ಕಟ್ಟುವ ಪಾಠ



ದಕ್ಷಿಣ ಕೊಡಗಿನ ಬಾಳೆಲೆಯ ಮಕ್ಕಳಿಗೆ ನದಿಯೆಂಬುದು ಭೂಗೋಳದ ನಕಾಶೆಯ ನೀಲಿ ಗೆರೆ ಮಾತ್ರವಲ್ಲ. ಬ್ರಹ್ಮಗಿರಿಯ ಸೆರಗಿನಿಂದ ಇಳಿದುಬರುವ ಲಕ್ಷ್ಮಣತೀರ್ಥವು ಕಕ್ಕಡ ಮಾಸದ ಮಳೆಗೆ ಉಕ್ಕಿ ಗದ್ದೆಬಯಲನ್ನು ಮುಳುಗಿಸುವುದನ್ನೂ ದಾರಿಯನ್ನು ಕಟ್ಟುವುದನ್ನೂ ಅವರು ಕಣ್ಣಾರೆ ಬಲ್ಲರು. ಆಚೆಯ ದಡದ ಗೆಳೆಯನು ತರಗತಿಗೆ ಬಾರದ ದಿನ ಸೇತುವೆಯ ಬೆಲೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದುದು, ಸೇತುವೆ ಹೇಗೆ ನಿಲ್ಲುತ್ತದೆ ಎಂಬುದನ್ನು.

ಈ ಪಾಠವನ್ನು ಕೈಯಿಂದಲೇ ಕಲಿಯಬೇಕು. ಅಲ್ಲಿಯ ಕೆಲವು ಮಕ್ಕಳೊಡನೆ ಅಂಗಳದಲ್ಲಿ ಕುಳಿತು ನಾನು ಇದನ್ನು ಮಾಡಿಸಿ ನೋಡಿದ್ದೇನೆ. ಬೇಕಾದುದು ಹಳೆಯ ಕಾಗದ, ಬಿದಿರಿನ ದಬ್ಬೆ, ಸೆಣಬಿನ ಹುರಿ, ನಾಲ್ಕಾರು ಇಟ್ಟಿಗೆ, ಇಷ್ಟೇ. ಎರಡು ಇಟ್ಟಿಗೆಗಳ ನಡುವೆ ಹಾಸಿದ ಕಾಗದವು ಒಂದು ಬಳಪಕ್ಕೇ ಕುಸಿಯಿತು. ಅದೇ ಕಾಗದವನ್ನು ನೆರಿಗೆಯಾಗಿ ಮಡಿಸಿದಾಗ ಪುಸ್ತಕವನ್ನೇ ಹೊತ್ತಿತು. ದಬ್ಬೆಗಳನ್ನು ಚೌಕವಾಗಿ ಕಟ್ಟಿದರೆ ಮೂಲೆಗಳು ವಾಲಿದವು. ಕರ್ಣಕ್ಕೆ ಇನ್ನೊಂದು ದಬ್ಬೆ ಸೇರಿಸಿ ತ್ರಿಕೋನಗಳನ್ನಾಗಿ ಮಾಡಿದೊಡನೆ ಚೌಕಟ್ಟು ಬಿಗಿಯಾಯಿತು. ತೂಗುಸೇತುವೆಯ ಹುರಿಯನ್ನು ಕಂಬಗಳ ತುದಿಗೆ ಮಾತ್ರ ಕಟ್ಟಿದಾಗ ಕಂಬಗಳೆರಡೂ ಒಳಕ್ಕೆ ಬಾಗಿದವು. ಹುರಿಯನ್ನು ಹಿಂದಕ್ಕೆಳೆದು ನೆಲದ ಗೂಟಕ್ಕೆ ಬಿಗಿದಾಗ ನೆಟ್ಟಗೆ ನಿಂತವು. ಕಡೆಗೆ ಒಂದೊಂದೇ ಕಲ್ಲನ್ನು ಏರಿಸಿ, ಸೇತುವೆ ಮುರಿಯುವವರೆಗೂ ಭಾರ ಹಾಕಿದೆವು. ದಬ್ಬೆ ಮುರಿದಿರಲಿಲ್ಲ, ಗಂಟು ಜಾರಿತ್ತು. ಅದನ್ನು ಮಕ್ಕಳೇ ಕಂಡುಹಿಡಿದರು, ಮಕ್ಕಳೇ ಬಿಗಿಮಾಡಿದರು. ಎಲ್ಲಿ ಮುರಿಯಿತೆಂದು ಹುಡುಕುವ ಈ ಬುದ್ಧಿಯೇ ಎಂಜಿನಿಯರನ ವಿದ್ಯೆಯ ಮೊದಲ ಮೆಟ್ಟಿಲು.

ಇದು ಬರಿಯ ಆಟವೆಂದು ತಾವು ಭಾವಿಸಬಾರದು. ಕೊಡಗಿನ ಘಟ್ಟದ ಕೆಳಗಿರುವ ಸುಳ್ಯದ ಶ್ರೀ ಗಿರೀಶ ಭಾರದ್ವಾಜರನ್ನು ನೆನೆಯಿರಿ. ಅವರು ಓದಿದ್ದು ಯಂತ್ರಶಾಸ್ತ್ರ. ಆದರೂ ಊರವರ ಕಷ್ಟಕ್ಕೆ ಓಗೊಟ್ಟು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅವರು ಹಳ್ಳಿಗಳಿಗೆ ಕಟ್ಟಿಕೊಟ್ಟ ಇಂಥ ಕಾಲುಸೇತುವೆಗಳು ನೂರನ್ನು ಮೀರಿದವು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನರಸಿ ಬಂದಿತು. ಉಕ್ಕಿನ ಹಗ್ಗ, ಎರಡು ದಡಗಳ ಗೋಪುರ, ನೆಲದೊಳಗಿನ ಭದ್ರ ಹಿಡಿತ: ಅಂಗಳದಲ್ಲಿ ಮಕ್ಕಳು ಹುರಿ, ಕಂಬ, ಗೂಟಗಳಿಂದ ಕಲಿತ ತತ್ತ್ವವೇ ತೂಗುಸೇತುವೆಯ ತತ್ತ್ವ.

ಶ್ರೀಮಠದ ಆಶ್ರಯದಲ್ಲಿ ಓದಿ ಎಂಜಿನಿಯರುಗಳಾದ ಹಳೆಯ ವಿದ್ಯಾರ್ಥಿಗಳು ನಮ್ಮ ವಾಚಕರಲ್ಲಿ ಅನೇಕರುಂಟು. ಅವರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಂದು ದಿನ ತಮ್ಮೂರಿನ ಶಾಲೆಗೆ ಹೋಗಿರಿ. ಭಾಷಣ ಬೇಡ, ಒಂದು ಕಟ್ಟು ದಬ್ಬೆಯನ್ನೂ ಒಂದು ಉಂಡೆ ಹುರಿಯನ್ನೂ ಒಯ್ಯಿರಿ. ಹೊಳೆಯ ಬಳಿ ಬೇಡ, ಅಂಗಳವೇ ಸಾಕು. ಮಕ್ಕಳು ಕಟ್ಟಲಿ, ಭಾರ ಹಾಕಲಿ, ಮುರಿದರೆ ಮತ್ತೆ ಕಟ್ಟಲಿ. ನೆರೆ ಇಳಿಯುವುದನ್ನೇ ದಡದಲ್ಲಿ ಕಾಯುತ್ತ ಬಂದ ಊರುಗಳಿಗೆ, ದಾಟುವ ದಾರಿಯನ್ನು ಯೋಚಿಸಬಲ್ಲ ಒಂದು ತಲೆಮಾರು ಬೇಕಾಗಿದೆ.