ಬಚ್ಚಲ ಒಲೆ ಸೇರಿದ ಗಾಡಿ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಬಿ.ಕಾಂ. ಓದಿದವನಿಗೆ ಅಂಕಿ ಗೊತ್ತು, ವೇಗ ಗೊತ್ತಿಲ್ಲ. ನಾನು ಓಡಿಸಿದ ಅತಿ ವೇಗದ ವಾಹನವೆಂದರೆ ಒಂದು ಲೂನಾ ಮೊಪೆಡ್. ಅಂಥವನು ಎಪ್ಪತ್ತು ದಾಟಿದ ಮೇಲೆ ಕಾರ್ ರೇಸಿನ ಬಗ್ಗೆ ಬರೆಯಲು ಕೂತಿದ್ದಕ್ಕೆ ಕಾರಣ ನನ್ನ ಹನ್ನೆರಡು ವರ್ಷದ ಮೊಮ್ಮಗ.

2025ರ ಮೇ 24, ಶನಿವಾರ. ಬೇಸಿಗೆ ರಜೆ ಮುಗಿಯುವ ಮುನ್ನ ಮಗನ ಸಂಸಾರ ದಾವಣಗೆರೆಯ ನಮ್ಮ ಮನೆಗೆ ಬಂದಿತ್ತು. ಸಂಜೆ ಐದೂವರೆ ದಾಟಿತ್ತು. ನಾನು ಮಂಡಕ್ಕಿ ಮಿರ್ಚಿಯ ತಟ್ಟೆ ಹಿಡಿದು ಹೊರಗೆ ಕೂತಿದ್ದೆ. ಒಳಗಿನಿಂದ ಮೊಮ್ಮಗ ಕೂಗಿದ: “ಅಜ್ಜಾ, ಬೇಗ ಬಾ! ನಮ್ಮ ಬೆಂಗಳೂರಿನವನು ಎಲ್ಲರಿಗಿಂತ ಮುಂದೆ ನಿಂತಿದಾನೆ!”

ಟಿ.ವಿ.ಯಲ್ಲಿ ಸಮುದ್ರದ ಪಕ್ಕದ ಒಂದು ಊರು. ಇಕ್ಕಟ್ಟು ಬೀದಿ, ಎರಡೂ ಕಡೆ ಕಬ್ಬಿಣದ ತಡೆಗೋಡೆ. ಬೀದಿಯಲ್ಲಿ ನಾಲ್ಕೂ ಚಕ್ರ ಹೊರಗೆ ಚಾಚಿಕೊಂಡ, ಮಡ್‌ಗಾರ್ಡೇ ಇಲ್ಲದ ಕಾರುಗಳು ಸಾಲಾಗಿ ನಿಂತಿದ್ದವು. ಊರಿನ ಹೆಸರು ಮೊನಾಕೊ. ಊರು ಎಂದೆ, ಆದರೆ ಅದು ಒಂದು ಪೂರ್ತಿ ದೇಶ! ಅದರ ವಿಸ್ತೀರ್ಣ ಸುಮಾರು ಎರಡು ಚದರ ಕಿಲೋಮೀಟರ್. ತುಂಬಿದ ನಮ್ಮ ಚನ್ನಗಿರಿಯ ಸೂಳೆಕೆರೆಯೊಳಗೆ ಅಂಥ ಹತ್ತು ದೇಶಗಳನ್ನು ಇಟ್ಟರೂ ಜಾಗ ಉಳಿಯುತ್ತದೆ.

ಮುಂದೆ ನಿಂತಿದ್ದ ಹುಡುಗ ಕುಶ್ ಮೈನಿ. ಹುಟ್ಟಿದ್ದು ಬೆಂಗಳೂರಿನಲ್ಲಿ, 2000ನೇ ಇಸವಿಯಲ್ಲಿ. ಅದು ಫಾರ್ಮುಲಾ 2 ಪಂದ್ಯ. ಮೊಮ್ಮಗ ನನಗೆ ಅರ್ಥವಾಗುವ ಹಾಗೆ ಹೇಳಿದ: “ಫಾರ್ಮುಲಾ 4 ಅಂದ್ರೆ ಹೈಸ್ಕೂಲು, 3 ಅಂದ್ರೆ ಪಿಯುಸಿ, 2 ಅಂದ್ರೆ ಡಿಗ್ರಿ. ಫಾರ್ಮುಲಾ 1 ಅಂದ್ರೆ ಕೆಲಸ ಸಿಕ್ಕ ಹಾಗೆ, ಅಜ್ಜಾ. ಆದ್ರೆ ಇಡೀ ಪ್ರಪಂಚಕ್ಕೆ ಇಪ್ಪತ್ತೇ ಕೆಲಸ.” ಬ್ಯಾಂಕ್ ಪರೀಕ್ಷೆ ಬರೆದವನಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ದೀಪ ಆರಿತು, ಕಾರುಗಳು ಹಾರಿದವು. ಒಂದು ಸುತ್ತು ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಹತ್ತೊಂಬತ್ತು ತಿರುವು. ಒಟ್ಟು ಮೂವತ್ತು ಸುತ್ತು, ಅಂದರೆ ನೂರು ಕಿಲೋಮೀಟರ್. ನಾನು ಜಗಳೂರು ಶಾಖೆಯಲ್ಲಿದ್ದಾಗ ದಾವಣಗೆರೆಗೆ ಬಂದು ಹೋಗುವ ದೂರ ಹೆಚ್ಚುಕಡಿಮೆ ಅಷ್ಟೇ. ಬಸ್ಸಿನಲ್ಲಿ ಅದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಈ ಹುಡುಗ ಒಂದು ಗಂಟೆಯೊಳಗೆ ಮುಗಿಸಿದ. ಮೊದಲಿಂದ ಕೊನೆಯವರೆಗೆ ಯಾರಿಗೂ ದಾರಿ ಬಿಡಲಿಲ್ಲ. ಮೊನಾಕೊದಲ್ಲಿ ಫಾರ್ಮುಲಾ 2 ಪಂದ್ಯ ಗೆದ್ದ ಮೊದಲ ಭಾರತೀಯನಾದ. ವೇದಿಕೆಯಲ್ಲಿ ಜನಗಣಮನ ನುಡಿಯಿತು. ನಮ್ಮ ಹಜಾರದಲ್ಲಿ ಮೂರು ತಲೆಮಾರು ಎದ್ದು ನಿಂತಿತು. ನನ್ನ ಕೈಯಲ್ಲಿ ಅರ್ಧ ಮಿರ್ಚಿ ಹಾಗೇ ಇತ್ತು.

ಗೀತೆ ಮುಗಿದ ಮೇಲೆ ನನ್ನ ಗುಮಾಸ್ತ ಬುದ್ಧಿ ಎಚ್ಚರವಾಯಿತು. “ಇದಕ್ಕೆಲ್ಲ ದುಡ್ಡೆಷ್ಟು? ಯಾರು ಕೊಡ್ತಾರೆ?” ಎಂದೆ.

ಮಗ ಸಣ್ಣಗೆ ನಕ್ಕ. “ಅಪ್ಪ, ನೀನು ಇನ್ನೂ ಅದನ್ನೇ ಕೇಳ್ತೀಯಲ್ಲ.”

ಆ ನಗು ನನ್ನನ್ನು ಚನ್ನಗಿರಿಗೆ ಎಳೆದುಕೊಂಡು ಹೋಯಿತು.

1989. ಆಗ ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ. ಕೋಟೆ ಗುಡ್ಡದ ಕಡೆಯ ಇಳಿಜಾರು ರಸ್ತೆಯಲ್ಲಿ ನಮ್ಮ ಬಾಡಿಗೆ ಮನೆ. ಮಗನಿಗೆ ಹತ್ತು ವರ್ಷ. ಅವನು ಲಾರಿ ಗ್ಯಾರೇಜಿನಿಂದ ನಾಲ್ಕು ಹಳೇ ಬೇರಿಂಗ್ ತಂದು, ಅಡಿಕೆ ಪೆಟ್ಟಿಗೆಯ ಹಲಗೆಗೆ ಜೋಡಿಸಿ, ಬೇರಿಂಗ್ ಗಾಡಿ ಮಾಡಿದ್ದ. ಮುಂದಿನ ಅಡ್ಡಪಟ್ಟಿಗೆ ಹಗ್ಗ ಕಟ್ಟಿ ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ. ಗರ್‍ರ್ ಎಂಬ ಅದರ ಸದ್ದಿಗೆ ಬೀದಿಯ ನಾಯಿಗಳೆಲ್ಲ ಓಡುತ್ತಿದ್ದವು. ಒಂದು ದಿನ ನಾನು ಬ್ಯಾಂಕಿನಿಂದ ಬರುವಾಗ ಆ ಗಾಡಿ ಇಳಿಜಾರಲ್ಲಿ ಜಾರಿ, ಭತ್ತ ಹೇರಿದ್ದ ಎತ್ತಿನಗಾಡಿಯ ಚಕ್ರದ ಪಕ್ಕದಿಂದ ಗೇಣು ಅಂತರದಲ್ಲಿ ಪಾರಾಯಿತು. ನನ್ನ ಎದೆ ನಿಂತೇಹೋಯಿತು. ಮನೆಗೆ ಬಂದವನೇ ಅವನ ಬೆನ್ನಿಗೆ ಎರಡು ಬಿಟ್ಟೆ. ಗಾಡಿಯನ್ನು ಮುರಿದು ಬಚ್ಚಲ ಒಲೆಗೆ ಹಾಕಿದೆ. ಮರುದಿನ ಬೆಳಿಗ್ಗೆ ಆ ಬಿಸಿನೀರಿನಲ್ಲೇ ಸ್ನಾನ ಮಾಡಿ ಬ್ಯಾಂಕಿಗೆ ಹೋದೆ.

ಆಮೇಲೆ ವರ್ಗಾವಣೆಗಳು. ಹೊನ್ನಾಳಿಯಲ್ಲಿ ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬಕ್ಕೆ ಅವನು ಕದ್ದು ಹೋಗುತ್ತಿದ್ದ. ನ್ಯಾಮತಿಯಲ್ಲಿ ಸೈಕಲ್ ಅಂಗಡಿಯೇ ಅವನ ಎರಡನೇ ಮನೆ. ಜಗಳೂರಿನಲ್ಲಿ ಪಿಯುಸಿ ಓದುವಾಗ ಸೈಕಲ್ ರೇಸಿಗೆ ಒಳ್ಳೆಯ ಸೈಕಲ್ ಬೇಕೆಂದು ಕೇಳಿದ. ನಾನು ಕಾಗದ ತೆಗೆದು ಎಡಕ್ಕೆ ಖರ್ಚು, ಬಲಕ್ಕೆ ಲಾಭ ಎಂದು ಬರೆದೆ. ಬಲಗಡೆ ಖಾಲಿ ಉಳಿಯಿತು. ಅವನು ಅದನ್ನು ನೋಡಿ ಸುಮ್ಮನೆ ಎದ್ದುಹೋದ. ಮತ್ತೆ ಏನನ್ನೂ ಕೇಳಲಿಲ್ಲ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ನನ್ನ ಲೆಕ್ಕ ಸರಿಯಾಯಿತು ಎಂದೇ ಅಂದುಕೊಂಡಿದ್ದೆ.

ಆ ಶನಿವಾರ ರಾತ್ರಿ ಮೊಮ್ಮಗ ಕುಶ್ ಮೈನಿಯ ಖಾತೆಯನ್ನು ಪುಟಪುಟವಾಗಿ ಬಿಚ್ಚಿದ. ಮಕ್ಕಳೇ, ಸತ್ಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಆಟಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು. ಕುಶ್ ಹುಟ್ಟಿದ್ದು ಉದ್ಯಮಿಗಳ ಮನೆಯಲ್ಲಿ. ಬೆಂಗಳೂರಿನಿಂದ 2001ರಲ್ಲಿ ರಸ್ತೆಗಿಳಿದ ‘ರೇವಾ’ ಎಂಬ ಪುಟ್ಟ ಬ್ಯಾಟರಿ ಕಾರಿನ ಚೇತನ್ ಮೈನಿ ಅವನ ಚಿಕ್ಕಪ್ಪ. ಅಣ್ಣ ಅರ್ಜುನ್ ಕೂಡ ರೇಸ್ ಚಾಲಕ. ಫೋರ್ಸ್ ಇಂಡಿಯಾ ತಂಡ 2011ರಲ್ಲಿ ದೇಶದಲ್ಲೆಲ್ಲ ಹುಡುಕಿ ಆರಿಸಿದ ಹುಡುಗ ಅವನು.

ಆದರೆ ದುಡ್ಡು ಆರಂಭದ ಗೆರೆಯವರೆಗೆ ಮಾತ್ರ ಕರೆದೊಯ್ಯುತ್ತದೆ. ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನ್. ಗೆರೆ ದಾಟಿದ ಮೇಲೆ ಕೈಚಳಕ, ತಾಳ್ಮೆ ಮತ್ತು ಒಂದಿಷ್ಟು ಅದೃಷ್ಟ.

ಕುಶ್ 2016ರಲ್ಲಿ ಇಟಲಿಯ ಫಾರ್ಮುಲಾ 4 ಓಡಿಸಿದ. ಬ್ರಿಟಿಷ್ ಫಾರ್ಮುಲಾ 3ರಲ್ಲಿ 2018ರಲ್ಲಿ ಮೂರನೆಯವನಾದ. 2020ರಲ್ಲಿ ಎರಡನೆಯವನಾದ, ಕೇಲನ್ ಫ್ರೆಡರಿಕ್ ಎಂಬ ಅಮೆರಿಕದ ಹುಡುಗ ಮೊದಲು ಬಂದ. 2023ರಲ್ಲಿ ಫಾರ್ಮುಲಾ 2 ತಲುಪಿದ. 2024ರ ಮೊದಲ ಪಂದ್ಯಕ್ಕೆ ಬಹ್ರೇನಿನ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದ. ಆದರೆ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಅನರ್ಹಗೊಳಿಸಿದರು. ಮುಂದಿನ ವಾರವೇ ಜೆಡ್ಡಾದಲ್ಲಿ ಮತ್ತೆ ಮೊದಲ ಸ್ಥಾನ ಗಳಿಸಿ ತೋರಿಸಿದ. ಜುಲೈನಲ್ಲಿ ಹಂಗೆರಿಯಲ್ಲಿ ಇದರ ತಿರುಗುಮುರುಗು: ಮೊದಲು ಬಂದ ಡಚ್ ಚಾಲಕ ಪಂದ್ಯದ ನಂತರ ಅನರ್ಹನಾಗಿ, ಗೆಲುವು ಕುಶ್ ಹೆಸರಿಗೆ ಬಂತು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಖರ್ಚು, ಇಲ್ಲಿ ಜಮಾ. ಆದರೆ ಆ ಗೆಲುವಿಗೆ ನಮ್ಮ ರಾಷ್ಟ್ರಗೀತೆ ಇರಲಿಲ್ಲ. ಅದಕ್ಕಾಗಿ ಹತ್ತು ತಿಂಗಳು ಕಾಯಬೇಕಾಯಿತು.

ಮೊನಾಕೊದಲ್ಲೂ ಒಂದು ಸ್ವಾರಸ್ಯವಿದೆ. ಶನಿವಾರದ ಚಿಕ್ಕ ಪಂದ್ಯಕ್ಕೆ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುಗಿಸಿ ನಿಲ್ಲಿಸುತ್ತಾರೆ, ಹತ್ತನೆಯವನು ಎಲ್ಲರಿಗಿಂತ ಮುಂದೆ. ಕುಶ್‌ಗೆ ಆ ಜಾಗ ಸಿಕ್ಕಿತ್ತು. “ಹಾಗಾದ್ರೆ ಅದೃಷ್ಟ ಅನ್ನು,” ಎಂದೆ. ಮೊಮ್ಮಗ ಬಿಡಲಿಲ್ಲ: “ಮುಂದೆ ನಿಲ್ಲೋದು ಅದೃಷ್ಟ ಅಜ್ಜಾ. ಮೂವತ್ತು ಸುತ್ತು ಗೋಡೆಗೆ ತಾಗದೆ ಮುಂದೇ ಇರೋದು?”

ಈತನಕ ಫಾರ್ಮುಲಾ 1ರಲ್ಲಿ ಓಡಿಸಿದ ಭಾರತೀಯರು ಇಬ್ಬರೇ: 2005ರಲ್ಲಿ ಕಾಲಿಟ್ಟ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ಕುಶ್ 2025ರಲ್ಲಿ ಆಲ್ಪೀನ್ ತಂಡದ ಮೀಸಲು ಚಾಲಕನಾಗಿದ್ದ, ಅಂದರೆ ಬಾಗಿಲ ಹತ್ತಿರ ಕಾಯುತ್ತಿದ್ದವನು. ಬಾಗಿಲು ತೆರೆಯುತ್ತದೋ ಇಲ್ಲವೋ, ಯಾರು ಬಲ್ಲರು?

ಮೊಮ್ಮಗ ಮಲಗಿದ ಮೇಲೆ ಮಗನನ್ನು ಕೇಳಿದೆ. ಮೂವತ್ತಾರು ವರ್ಷ ಕೇಳದ ಮಾತು. “ಆ ಬೇರಿಂಗ್ ಗಾಡಿ ಸುಟ್ಟಿದ್ದಕ್ಕೆ ನಿನಗೆ ನನ್ನ ಮೇಲೆ ಸಿಟ್ಟಿದೆಯೇನೋ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಸಿಟ್ಟಿಲ್ಲಪ್ಪ. ನಾನು ಸತ್ತೇ ಹೋಗಬಹುದಿತ್ತು. ನೀನು ಹೆದರಿದ್ದೆ, ಈಗ ನಾನೂ ಅಪ್ಪ, ಗೊತ್ತಾಗುತ್ತೆ. ಆದ್ರೆ ಅದನ್ನ ಹೇಗೆ ಮಾಡ್ದೆ ಅಂತ ನೀನು ಕೇಳಲೇ ಇಲ್ಲ. ಒಂದು ಸಲ ಕೂತು ನೋಡಲಿಲ್ಲ. ಅಷ್ಟೇ.”

ನನಗೆ ಉತ್ತರ ತೋಚಲಿಲ್ಲ. ಆ ಕಾಗದದಲ್ಲಿ ನಾನು ದುಡ್ಡಿನ ಲೆಕ್ಕವನ್ನು ಸರಿಯಾಗಿಯೇ ಬರೆದಿದ್ದೆ. ಗುಮಾಸ್ತನ ಸಂಬಳದಲ್ಲಿ ರೇಸ್ ಕನಸು ಸಾಕಲು ಆಗುತ್ತಿರಲಿಲ್ಲ. ಆದರೆ ಕೇಳುವುದಕ್ಕೆ, ಕೂತು ನೋಡುವುದಕ್ಕೆ ದುಡ್ಡು ಬೇಕಿರಲಿಲ್ಲವಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಎದ್ದುಹೋಗಿ ಅಟ್ಟದಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದಳು. ಅಂದು ಬೂದಿಯಿಂದ ಹೆಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ನಾಲ್ಕು ಊರು ಸುತ್ತುವಾಗಲೂ ಬಿಡದೆ ತಂದಿದ್ದ ಬೇರಿಂಗ್‌ಗಳು! ಮೂರು ತಿರುಗುತ್ತಿದ್ದವು, ಒಂದಕ್ಕೆ ತುಕ್ಕು ಹಿಡಿದಿತ್ತು.

ಭಾನುವಾರ ಬೆಳಿಗ್ಗೆ ಬಡಾವಣೆಯ ಗ್ಯಾರೇಜಿನವರು ನಾಲ್ಕನೆಯದನ್ನು ಪುಕ್ಕಟೆ ಕೊಟ್ಟರು. ಮಗ ಹಲಗೆ ಕೊಯ್ದ, ಮೊಮ್ಮಗ ಮೊಳೆ ಹೊಡೆದ. ನಾನು ಮೊದಲ ಸಲ ಕೇಳಿದೆ, “ಹಗ್ಗ ಎಳೆದರೆ ಹೇಗೆ ತಿರುಗುತ್ತೆ?” ಮಗ ವಿವರಿಸಿದ. ಈ ಸಲ ಬ್ರೇಕಿಗೆ ಒಂದು ಹಳೇ ಟೈರಿನ ತುಂಡನ್ನೂ ಸೇರಿಸಿದೆವು. ಅದೇ ದಿನ ಮೊನಾಕೊದ ದೊಡ್ಡ ಪಂದ್ಯ. ಅದನ್ನು ಗೆದ್ದವನು ಕುಶ್‌ನ ತಂಡದವನೇ ಆದ ಅಮೆರಿಕದ ಹುಡುಗ ಜಾಕ್ ಕ್ರಾಫರ್ಡ್. ಎರಡು ದಿನ, ಒಂದೇ ತಂಡ, ಎರಡು ದೇಶದ ಗೀತೆ.

ಸಂಜೆ ವಾಹನ ಬಾರದ ಮೈದಾನದ ಸಣ್ಣ ಇಳಿಜಾರಿಗೆ ಹೋದೆವು. ಮಕ್ಕಳೇ, ಇದನ್ನು ಗಮನಿಸಿ: ರಸ್ತೆಗಲ್ಲ, ಮೈದಾನಕ್ಕೆ. ತಲೆಗೆ ಹೆಲ್ಮೆಟ್, ಕೆಳಗೆ ಹಿಡಿಯಲು ದೊಡ್ಡವರೊಬ್ಬರು. ಮೊಮ್ಮಗ ಹತ್ತು ಸಲ ಇಳಿದ. ಮಗ ಎರಡು ಸಲ ಇಳಿದ, ನಲವತ್ತಾರರ ಮುಖದಲ್ಲಿ ಹತ್ತರ ನಗು.

ಕೊನೆಗೆ ನನ್ನ ಸರದಿ. ಮಗ ಹಿಂದಿನಿಂದ ಹೆಗಲು ಹಿಡಿದು ಮೆಲ್ಲಗೆ ತಳ್ಳಿದ. ಎತ್ತಿನಗಾಡಿಗಿಂತ ಜೋರಾಗಿ ಹೋಗಿರಲಾರೆ. ಆದರೂ ಬೇರಿಂಗಿನ ಆ ಗರ್‍ರ್ ಸದ್ದು ಸೊಂಟದಿಂದ ತಲೆಯವರೆಗೆ ಏರಿತು. ಚನ್ನಗಿರಿಯ ಬೀದಿಯಲ್ಲಿ ನನ್ನ ಮಗ ಕೇಳಿದ್ದು ಇದೇ ಸದ್ದು.

“ಹೆಂಗಿತ್ತು ಅಜ್ಜಾ?” ಮೊಮ್ಮಗ ಕೇಳಿದ.

“ಇನ್ನೊಂದು ಸಲ,” ಎಂದೆ. ದೂರದಿಂದ ನನ್ನ ಹೆಂಡತಿ, “ನಾಳೆ ಸೊಂಟಕ್ಕೆ ಎಣ್ಣೆ ತಿಕ್ಕೋದು ಯಾರು?” ಎಂದು ಕೂಗುತ್ತಿದ್ದಳು.